ಬೆಲ್ಲನ ಮೂಗಿಗೆ ಅವ್ವನ ಚಂದ್ರಕಾಳಿ

ಈಗಷ್ಟೇ ನಮ್ಮ ಬಿಲ್ಡಿಂಗಿನ ವೈನಿಯೊಬ್ಬರು ಚಹಾ ಕುಡಿದು ಹೋದರು. ಧಾರವಾಡ ಕಡೆಯವರೇ. ಹಳೇ ಬಟ್ಟೆ ತುಂಡು ಕೂಡಿಸಿ ನಾನು ಹೊಲಿಯುತ್ತಿರುವ ಕೌದಿ ಹಾಲ್‌ನಲ್ಲಿ ಹರಡಿದ್ದು ನೋಡಿ, "ಚಲೋ ಆತು ಬಿಡ್ರಿ, ನಿಮಗೂ ಟೈಮ್‌ಪಾಸ್ ಆಗ್ತದ" ಅಂದರು. ಮನೆಗೆ ಬಂದವರು ಅಂತ ಸುಮ್ನಿದ್ದೆ. ಸಿಟ್ಟು ಮಾತ್ರ ಇನ್ನೂ ಇಳಿದಿಲ್ಲ.

ಟೈಮ್‌ಪಾಸ್ ಮಾಡಲಿಕ್ಕೆ ನನ್ನ ಹತ್ತಿರ ಟೈಮ್ ಎಲ್ಲಿದೆ? ಮೂರೂವರೆ ತಿಂಗಳ ನಾಯಿಮರಿ ಸಾಕಿದವರಿಗೆ ಗೊತ್ತು. ಎದ್ದ ಕೂಡಲೇ ಕೆಳಗೆ ಕರೆದುಕೊಂಡು ಹೋಗಬೇಕು. ಉಂಡ ಮೇಲೆ ಮತ್ತೆ, ಆಡಿದ ಮೇಲೆ ಮತ್ತೆ. ಹಾಲುಹಲ್ಲು ಬೀಳುವ ಹೊತ್ತು ಬೇರೆ, ಸಿಕ್ಕಿದ್ದೆಲ್ಲ ಬೆಲ್ಲನ ಬಾಯಿಗೆ. ನಾನು ಹೊಲಿಯುವುದು ಅವನು ಮಲಗಿದಾಗ ಮಾತ್ರ. ನಾಯಿಮರಿ ನೂಲು ನುಂಗಿದರೆ ಅದು ಕರುಳಿಗೆ ಸಿಕ್ಕಿಕೊಂಡು ಆಪರೇಷನ್‌ವರೆಗೂ ಹೋಗಬಹುದು. ಸೂಜಿ ನುಂಗಿದರಂತೂ ಕೇಳುವುದೇ ಬೇಡ. ಅದಕ್ಕೇ ಗುಂಡುಸೂಜಿ ಎಣಿಸಿಯೇ ತೆಗೆಯುತ್ತೇನೆ. 20 ತೆಗೆದರೆ 20 ಡಬ್ಬಿಗೆ ವಾಪಸ್ ಹೋಗಬೇಕು. ಮೊನ್ನೆ 19 ಇದ್ದವು. ಇನ್ನೊಂದು ಸೋಫಾ ಸಂದಿಯಲ್ಲಿ ಸಿಗುವವರೆಗೂ ಅವನನ್ನು ಕಂಕುಳಿಂದ ಕೆಳಗೆ ಇಳಿಸಲಿಲ್ಲ. ಇದು ಟೈಮ್‌ಪಾಸಾ?

ಕೌದಿಯಲ್ಲಿ ಮೂಡುತ್ತಿರುವುದು ಬೆಲ್ಲನದೇ ಮುಖ. ಅವನ ಫೋಟೋವನ್ನು ಗ್ರಾಫ್ ಹಾಳೆಯ ಮೇಲೆ 24 ಅಡ್ಡ, 30 ಉದ್ದ ಚೌಕ ಮಾಡಿದೆ. ಒಟ್ಟು 720 ತುಂಡು. ಎರಡೂವರೆ ಇಂಚಿಗೆ ಕತ್ತರಿಸಿದ ತುಂಡು ನಾಲ್ಕೂ ಕಡೆ ಕಾಲಿಂಚು ಹೊಲಿಗೆಗೆ ಹೋಗಿ ಎರಡು ಇಂಚು ಉಳಿಯುತ್ತದೆ. ಒಂದೊಂದು ಹೊಲಿಗೆ ನೂಲಿನಷ್ಟು ಜಾಸ್ತಿ ಒಳಗೆ ಹೋದರೂ 23 ಹೊಲಿಗೆ ಮುಗಿಯುವಷ್ಟರಲ್ಲಿ ಸಾಲು ಗಿಡ್ಡ, ಪಕ್ಕದ ಸಾಲಿಗೆ ಕೂಡುವುದಿಲ್ಲ. ಇಲ್ಲಿ ಬಣ್ಣಕ್ಕಿಂತ ಕಡು, ತಿಳಿ ಮುಖ್ಯ. ನನ್ನ ಹಸಿರು ಬ್ಲೌಸು, ಮಗಳ ಹಳೇ ಕೆಂಪು ಫ್ರಾಕು ಕಣ್ಣಿಗೆ ಬೇರೆ ಬೇರೆ. ಮೊಬೈಲಿನಲ್ಲಿ ಕಪ್ಪು-ಬಿಳುಪು ಫೋಟೋ ತೆಗೆದರೆ ಎರಡೂ ಒಂದೇ ಬೂದಿ. ಎರಡನ್ನೂ ಕಿವಿಯ ನೆರಳಿಗೆ ಹಾಕಿದೆ. ಹತ್ತಿರ ಕೂತರೆ ಬರೀ ಚಿಂದಿ. ಅಡುಗೆಮನೆ ಬಾಗಿಲಿಗೆ ಹೋಗಿ ತಿರುಗಿ ನೋಡಿದರೆ ಆ ಚೌಕಗಳೆಲ್ಲ ಕೂಡಿ ಒಂದು ಕಿವಿ ಎದ್ದು ನಿಲ್ಲುತ್ತದೆ. ಮೊದಲ ಸಲ ಕಂಡಾಗ ಕೂಗಿಬಿಟ್ಟೆ, ಬೆಲ್ಲ ಎದ್ದೇಬಿಟ್ಟ!

ಅಂಗಡಿಯಲ್ಲಿ ಬ್ಲಾಂಕೆಟ್ ಅಗ್ಗ, ಬೆನ್ನು ಯಾಕೆ ನೋಯಿಸಿಕೊಳ್ತೀರಿ ಅಂತಲೂ ವೈನಿ ಕೇಳಿದರು. ಅಗ್ಗ ಹೌದು. ಅದರಲ್ಲಿ ನಮ್ಮ ಅವ್ವನ ಸೀರೆ ಇರ್ತದಾ?

ಹಳಿಯಾಳ, ಯಲ್ಲಾಪುರ ಕಡೆಯ ಸಿದ್ದಿ ಸಮುದಾಯದ ಹೆಂಗಸರು ಕೌದಿಯ ನಾಲ್ಕೂ ಮೂಲೆಗೆ ಬಟ್ಟೆ ಮಡಚಿ 'ಫೂಲ', ಅಂದರೆ ಹೂವು, ಕೂರಿಸುತ್ತಾರೆ. ಅದಿಲ್ಲದಿದ್ದರೆ ಕೌದಿ ಪೂರ್ತಿ ಆಗಲಿಲ್ಲ ಅಂತಲೇ ಲೆಕ್ಕ. ನಮ್ಮ ಪುಣೆಯ ಮರಾಠಿ ಅಜ್ಜಿಯರ ಕೌದಿ, ಅಂದರೆ ಗೋಧಡಿಯ ಹೊಲಿಗೆ ಒಮ್ಮೆ ಕೈಯಿಂದ ಸವರಿ ನೋಡಿ. ಹೊತ್ತು ಹೋಗಲಿ ಅಂತ ಯಾರೂ ಅಷ್ಟು ಸಣ್ಣಗೆ ಹೊಲಿಯುವುದಿಲ್ಲ.

ಇಷ್ಟೊಂದು ಸಿಟ್ಟು ಯಾಕೆ ಅಂತ ಹೇಳಿಬಿಡುತ್ತೇನೆ. 22 ವರ್ಷದ ಹಿಂದೆ ಬಾಗಲಕೋಟೆಯಿಂದ ಪುಣೆಗೆ ಹೊರಟಾಗ ಅವ್ವ ಕೌದಿ ಮಡಚಿ ಕೊಟ್ಟಿದ್ದಳು. "ಅಲ್ಲೆ ಬ್ಲಾಂಕೆಟ್ ಸಿಗ್ತಾವ ಬೇ, ಇದನ್ಯಾಕ ಹೊರ್ಲಿ" ಅಂದು ಅಲ್ಲೇ ಬಿಟ್ಟು ಬಂದೆ. ಅವ್ವ ಏನೂ ಅನ್ನಲಿಲ್ಲ. ಅದನ್ನು ವಾಪಸ್ ಟ್ರಂಕಿನಲ್ಲಿ ಇಟ್ಟಳು. ಈಗ ಅವ್ವನೂ ಇಲ್ಲ, ಆ ಕೌದಿಯೂ ಇಲ್ಲ. ಇವತ್ತು ವೈನಿ ಬಾಯಲ್ಲಿ ನನ್ನ ಮಾತೇ ಕೇಳಿದಂತಾಯಿತು.

ಅವ್ವನ ಕಪ್ಪು ಚಂದ್ರಕಾಳಿ ಸೀರೆ ಒಂದು ನನ್ನ ಹತ್ತಿರ ಉಳಿದಿದೆ. ಬೆಲ್ಲನ ಮೂಗಿಗೆ ಅಷ್ಟು ಕಪ್ಪು ಬೇರೆ ಯಾವ ಬಟ್ಟೆಯಲ್ಲೂ ಸಿಗಲಿಲ್ಲ. ಮೂರು ದಿನ ಕತ್ತರಿ ಹಾಕಲು ಮನಸ್ಸಾಗಲಿಲ್ಲ. ನಿನ್ನೆ ರಾತ್ರಿ ಒಂಬತ್ತು ಚೌಕ ಕತ್ತರಿಸಿದೆ. ಎಂಟು ಹೊಲಿದಾಯಿತು. ಒಂಬತ್ತನೆಯದು ಕೈಯಲ್ಲಿದೆ. ಬೆಲ್ಲ ಆಕಳಿಸುತ್ತಿದ್ದಾನೆ, ಎದ್ದ ಅಂತ ಕಾಣುತ್ತೆ. ಸೂಜಿ ಎಣಿಸಿಟ್ಟು ಕೆಳಗೆ ಹೋಗಿ ಬರ್ತೇನೆ.