ಟಿಕೆಟ್‌ನಲ್ಲಿರುವ ಗಂಟೆಯೇ ಬೇರೆ, ಅವ್ವನ ವಾಚಿನ ಗಂಟೆಯೇ ಬೇರೆ

ನಮ್ಮ ದಾವಣಗೆರೆಯಿಂದ ಬಾಣಂತನಕ್ಕೆ ಅಂತ ಅಮೆರಿಕಕ್ಕೆ ಹೊರಡುವ ತಾಯಂದಿರು ಈಗ ಜಾಸ್ತಿ. ಎಷ್ಟು ಹೊತ್ತಿನ ಪ್ರಯಾಣ ಅಂತ ಅವರು ಕೇಳಿದರೆ ಮಕ್ಕಳು ಮೊಬೈಲ್ ನೋಡಿ "16 ತಾಸು ಅಷ್ಟೇ" ಅಂದುಬಿಡುತ್ತಾರೆ. ದಯವಿಟ್ಟು ಹಾಗೆ ಹೇಳಬೇಡಿ.

ಎರಡು ವರ್ಷದ ಹಿಂದೆ ತಂಗಿಯ ಬಾಣಂತನಕ್ಕೆ ನಾನೇ ಅವ್ವನನ್ನು ಕರೆದುಕೊಂಡು ಹೋಗಿದ್ದೆ. ಫೆಬ್ರವರಿ ತಿಂಗಳು. ಮಧ್ಯಾಹ್ನ ಎರಡೂವರೆಗೆ ಬೆಂಗಳೂರು ಬಿಟ್ಟು ಅದೇ ದಿನ ಸಂಜೆ ಐದಕ್ಕೆ ಸ್ಯಾನ್ ಫ್ರಾನ್ಸಿಸ್ಕೊ ಅಂತ ಟಿಕೆಟ್‌ನಲ್ಲಿತ್ತು. ಅವ್ವ ಅದನ್ನು ನೋಡಿ "ಎರಡೂವರೆ ತಾಸಾ? ಹುಬ್ಬಳ್ಳಿಗೆ ಹೋದಂಗಾತಲ್ಲ" ಅಂದಳು. ಚಳಿಗಾಲದಲ್ಲಿ ಅಲ್ಲಿನ ಗಡಿಯಾರ ನಮಗಿಂತ ಹದಿಮೂರೂವರೆ ಗಂಟೆ ಹಿಂದಿರುತ್ತದೆ. ಅದನ್ನು ಸೇರಿಸಿದರೆ 16 ಗಂಟೆ.

ದೂರ ತೋರಿಸೋಣ ಅಂತ ಮಗನ ಗ್ಲೋಬ್ ತಂದು, ಹೂ ಕಟ್ಟುವ ದಾರವನ್ನು ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೊಗೆ ಬಿಗಿಯಾಗಿ ಎಳೆದೆ. ಪೂರ್ವಕ್ಕೆ ನೇರ ಹೋಗುತ್ತದೆ ಅಂದುಕೊಂಡಿದ್ದ ದಾರ ಜಾರಿ ಮೇಲಕ್ಕೆ ಸರಿಯಿತು. ಚೀನಾ, ಸೈಬೀರಿಯಾ, ಅಲಾಸ್ಕಾ! ಉಂಡೆಯ ಮೇಲೆ ಹತ್ತಿರದ ದಾರಿ ಅದೇ. ಸುಮಾರು 14,000 ಕಿಲೋಮೀಟರ್. ಭೂಮಿಯ ಸುತ್ತಳತೆ 40,000, ಅಂದರೆ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ. 2021ರ ಜನವರಿಯಲ್ಲಿ ಈ ಮಾರ್ಗದ ಮೊದಲ ನೇರ ವಿಮಾನವನ್ನು ಮಹಿಳಾ ಪೈಲಟ್‌ಗಳೇ ಉತ್ತರ ಧ್ರುವದ ಮೇಲೆ ಹಾರಿಸಿಕೊಂಡು ಬೆಂಗಳೂರಿಗೆ ಬಂದಿದ್ದರು. ಇದನ್ನು ಹೇಳಿದಾಗ ಅವ್ವನ ಮುಖ ಅರಳಿತು. ಆದರೆ ವಿಮಾನಗಳು ದಿನಾ ಆ ದಾರದ ಗೆರೆ ಹಿಡಿದೇ ಹೋಗುವುದಿಲ್ಲ. ಗಾಳಿ ನೋಡುತ್ತವೆ. ಪೂರ್ವಕ್ಕೆ ಹೋಗುವಾಗ ಮೇಲಿನ ಗಾಳಿ ಬೆನ್ನಿಗಿರುತ್ತದೆ, ಬರುವಾಗ ಎದುರಾಗಬಹುದು.

ಇದೆಲ್ಲ ಆಕಾಶದ ಲೆಕ್ಕ. ನಮ್ಮ ಲೆಕ್ಕ ಶುರುವಾಗುವುದು ಮನೆ ಬಾಗಿಲಿಂದ. ದಾವಣಗೆರೆಯಿಂದ ಬೆಂಗಳೂರಿಗೇ 260 ಕಿಲೋಮೀಟರ್. ಬೆಳಗಿನ ಜಾವ ನಾಲ್ಕೂವರೆಗೆ ಕಾರು ಹತ್ತಿದೆವು. ಚಿತ್ರದುರ್ಗ, ಹಿರಿಯೂರು, ಶಿರಾ, ತುಮಕೂರು ದಾಟಿ ದೇವನಹಳ್ಳಿ ಮುಟ್ಟಿ, ಸಾಲಿನಲ್ಲಿ ನಿಂತು, ಕೂತು ಕಾದು, ಆಮೇಲೆ ವಿಮಾನ. ಅಲ್ಲಿ ಇಳಿದ ಮೇಲೆ ಮತ್ತೆ ಸಾಲು, ಮತ್ತೆ ಕಾರು. ತಂಗಿ ಮನೆ ಸೇರುವಷ್ಟರಲ್ಲಿ ಒಟ್ಟು ಇಪ್ಪತ್ತೆಂಟೂವರೆ ಗಂಟೆ. ಅವ್ವನ ಕಾಲು ಊದಿಕೊಂಡು ಚಪ್ಪಲಿ ಹಿಡಿಸುತ್ತಿರಲಿಲ್ಲ.

ಸಕ್ಕರೆ ಕಾಯಿಲೆ ಇರುವವರಿಗೆ ಇದು ಸುಮ್ನೆ ಲೆಕ್ಕದ ಮಾತಲ್ಲ. ಬೆಳಗ್ಗೆ ಒಂದು, ರಾತ್ರಿ ಒಂದು ಅಂತ ಮಾತ್ರೆ ಇದ್ದರೆ ಯಾವ ಊರಿನ ರಾತ್ರಿ? ನಮ್ಮ ಡಾಕ್ಟರ್ ಇಡೀ ಪ್ರಯಾಣದ ಗಂಟೆ ಕೇಳಿಕೊಂಡು, ಎಷ್ಟು ತಾಸಿಗೆ ಯಾವುದು ಅಂತ ಚೀಟಿ ಬರೆದುಕೊಟ್ಟರು. ನೀವೂ ಹೊರಡುವ ಮುಂಚೆ ಇದನ್ನು ಕೇಳಿಕೊಳ್ಳಿ. ಆ ಚೀಟಿಗಾಗಿ ಅವ್ವ ತನ್ನ ಹಳೇ ಎಚ್‌ಎಂಟಿ ವಾಚಿನ ಮುಳ್ಳು ತಿರುಗಿಸಲೇ ಇಲ್ಲ.

ತಂಗಿ ಮನೆ ಬಾಗಿಲು ತೆಗೆದಾಗ ಹೊರಗೆ ಕತ್ತಲು, ಅಲ್ಲಿ ರಾತ್ರಿ ಏಳೂವರೆ. ಅವ್ವ ಅವಳ ತಲೆ ಸವರಿ, ವಾಚು ನೋಡಿಕೊಂಡು ಕೇಳಿದಳು: "ಒಂಬತ್ತಾತು, ನಿಂದು ನಾಷ್ಟ ಆತೇನವ್ವ?"