ಟ್ರೇಲರಿನ ಚಕ್ರಕ್ಕೆ ಕೊಟ್ಟ ಕಲ್ಲನ್ನು ರಸ್ತೆಯಲ್ಲೇ ಬಿಟ್ಟು ಹೋಗಬೇಡಿ

ಹುಲಿಕಲ್ ಘಾಟಿಯ ತಿರುವುಗಳಲ್ಲಿ, ತೀರ್ಥಹಳ್ಳಿಯಿಂದ ಆಗುಂಬೆಗೆ ಹೋಗುವ ದಾರಿಯಲ್ಲಿ, ಸಾಗರದಾಚೆಯ ಏರುತಗ್ಗುಗಳಲ್ಲಿ ಡಾಂಬರಿನ ಮೇಲೆ ತೆಂಗಿನಕಾಯಿ ಗಾತ್ರದ ಕಲ್ಲುಗಳು ಬಿದ್ದಿರುವುದನ್ನು ನೀವೂ ನೋಡಿರುತ್ತೀರಿ. ಎಲ್ಲವೂ ರಸ್ತೆ ಬದಿಯ ಧರೆಯಿಂದ ಉರುಳಿ ಬಂದವಲ್ಲ. ಯಾವುದೋ ಗಾಡಿಯ ಟೈರ್ ಪಂಚರ್ ಆದಾಗ, ಅದು ಉರುಳದಿರಲಿ ಎಂದು ಯಾರೋ ಚಕ್ರಕ್ಕೆ ಕೊಟ್ಟ ಕಲ್ಲುಗಳೂ ಅವುಗಳಲ್ಲಿ ಇರುತ್ತವೆ. ಸ್ಟೆಪ್ನಿ ಹಾಕಿದ್ದಾಯಿತು, ಗಾಡಿ ಹೊರಟಿತು, ಕಲ್ಲು ಉಳಿಯಿತು. ಮಂಜು ಕವಿದ ಸಂಜೆ, ಹಿಂದೆ ಮಗುವನ್ನು ಕೂರಿಸಿಕೊಂಡು ಬೈಕಿನಲ್ಲಿ ಬರುವವರ ಮುಂದಿನ ಚಕ್ರಕ್ಕೆ ಆ ಕಲ್ಲು ಸಿಕ್ಕರೆ ಏನಾಗುತ್ತದೆ ಎಂದು ಬಿಡಿಸಿ ಹೇಳಬೇಕಾಗಿಲ್ಲ. ನನಗೆ ಇದರ ಬಗ್ಗೆ ತುಂಬಾ ಸಿಟ್ಟಿದೆ. ಅದನ್ನು ಮುಚ್ಚಿಡುವುದೂ ಇಲ್ಲ.

ಈ ಮಾತು ಮುಖ್ಯವಾಗಿ ಟ್ರೇಲರ್ ಎಳೆಯುವವರಿಗೆ. ಅಡಿಕೆ, ಗೊಬ್ಬರ, ಸೊಪ್ಪು, ಜಲ್ಲಿ ಹೇರಿಕೊಂಡು ಟ್ರ್ಯಾಕ್ಟರ್ ಓಡಿಸುವ ನಮ್ಮವರಿಗೂ ಹೌದು. ಮಲಗುವ ಜಾಗ, ಅಡುಗೆ ಕಟ್ಟೆ ಎಲ್ಲ ಇರುವ ಟ್ರಾವೆಲ್ ಟ್ರೇಲರನ್ನು ಜೀಪಿನ ಹಿಂದೆ ಕಟ್ಟಿಕೊಂಡು ಮಲೆನಾಡು ನೋಡಲು ಬರುವ ಹೊಸಬರಿಗೂ ಹೌದು. ಪಂಚರ್ ಆದ ಕೂಡಲೇ ಇಬ್ಬರೂ ಜಾಕ್ ಹುಡುಕುತ್ತಾರೆ. ನನ್ನ ಪ್ರಕಾರ ಜಾಕಿನ ಸರದಿ ಬರುವುದು ತೀರಾ ತಡವಾಗಿ. ಗಾಡಿ ಕದಲದಂತೆ ಮಾಡುವುದು, ಹಿಂದಿನಿಂದ ಬರುವವರಿಗೆ ತಿಳಿಯುವಂತೆ ಮಾಡುವುದು, ಹೊರಡುವ ಮುನ್ನ ರಸ್ತೆಯನ್ನು ಮೊದಲಿದ್ದಂತೆ ಮಾಡುವುದು, ಇವೇ ಈ ಕೆಲಸದ ದೊಡ್ಡ ಪಾಲು.

ಕಾರಿನ ಮುಂದಿನ ಟೈರಿನಲ್ಲಿ ಗಾಳಿ ಇಳಿದರೆ ಸ್ಟೀರಿಂಗ್ ಒಂದು ಕಡೆಗೆ ಎಳೆಯುತ್ತದೆ, ಓಡಿಸುವವರಿಗೆ ತಕ್ಷಣ ಗೊತ್ತಾಗುತ್ತದೆ. ಟ್ರೇಲರಿನಲ್ಲಿ ಹಾಗಲ್ಲ. ಅದರಲ್ಲೂ ಒಂದೊಂದು ಬದಿಗೆ ಎರಡೆರಡು ಚಕ್ರ ಹಿಂದೆ ಮುಂದೆ ಇರುವ ಟ್ರೇಲರಾದರೆ, ಒಂದರ ಗಾಳಿ ಹೋದರೂ ಪಕ್ಕದ್ದು ಹೊರೆ ಹೊತ್ತುಕೊಂಡು ಸಾಗುತ್ತದೆ. ಮುಂದೆ ಕುಳಿತವರಿಗೆ ಸುಳಿವೇ ಸಿಗುವುದಿಲ್ಲ. ಅಷ್ಟರಲ್ಲಿ ಗಾಳಿ ಹೋದ ಟೈರು ಕಾದು ಚಿಂದಿಯಾಗಿ ಮಡ್‌ಗಾರ್ಡನ್ನು ಕಿತ್ತು ಹಾಕಿರುತ್ತದೆ, ಹೊರೆ ಹೊತ್ತ ಟೈರೂ ಹಾಳಾಗಿರುತ್ತದೆ. ಆದ್ದರಿಂದ ಚಹಾಕ್ಕೆ ನಿಲ್ಲಿಸಿದಾಗಲೆಲ್ಲ ಒಂದು ಸುತ್ತು ಬಂದು ಟೈರುಗಳ ಬಳಿ ಅಂಗೈ ಹಿಡಿದು ನೋಡಬೇಕು. ಒಂದು ಮಾತ್ರ ಉಳಿದವಕ್ಕಿಂತ ಹೆಚ್ಚು ಬಿಸಿಯಾಗಿದ್ದರೆ ಅದರಲ್ಲಿ ಗಾಳಿ ಕಡಿಮೆ ಇರಬಹುದು, ಇಲ್ಲವೇ ಬೇರಿಂಗ್ ಅಥವಾ ಬ್ರೇಕ್ ಹಿಡಿದಿರಬಹುದು. ಮೂರರಲ್ಲಿ ಯಾವುದಾದರೂ ಘಾಟಿ ಇಳಿಯುವ ಮೊದಲೇ ತಿಳಿಯುವುದು ಒಳ್ಳೆಯದು.

ನಿಲ್ಲಿಸುವುದು ಎಲ್ಲಿ? ತಿರುವಿನಲ್ಲಂತೂ ಬೇಡ. ಟೈರು ಹೋಗಿದೆ ಎಂದು ಗೊತ್ತಾದ ಜಾಗದಲ್ಲೇ ನಿಲ್ಲಿಸಬೇಕೆಂಬ ಹಟವನ್ನು ಬಿಡಬೇಕು. ನಡೆಯುವ ವೇಗದಲ್ಲಿ ಸ್ವಲ್ಪ ಮುಂದೆ ಹೋದರೆ ಟೈರು ಪೂರ್ತಿ ಹಾಳಾಗಬಹುದು, ರಿಮ್ಮಿಗೂ ಪೆಟ್ಟಾಗಬಹುದು. ಆದರೂ ನೇರ ರಸ್ತೆ, ಸಮತಟ್ಟಾದ ಗಟ್ಟಿ ನೆಲ ಸಿಗುವವರೆಗೆ ಹೋಗುವುದೇ ಸರಿ. ಮಳೆಗಾಲದಲ್ಲಿ ಡಾಂಬರಿನ ಅಂಚು ಬಿಟ್ಟು ಪೂರ್ತಿ ಕೆಳಗಿಳಿಸಿದರೆ ಮಣ್ಣು ಕುಸಿದು ಚರಂಡಿಗೆ ವಾಲುವ ಭಯವಿದೆ, ಅದನ್ನೂ ನೋಡಿಕೊಳ್ಳಬೇಕು.

ಇನ್ನು ನಮ್ಮ ಸೊಪ್ಪಿನ ಪದ್ಧತಿ. ಗಾಡಿ ಕೆಟ್ಟು ನಿಂತರೆ ಪಕ್ಕದ ಗಿಡದಿಂದ ನಾಲ್ಕು ಕೊಂಬೆ ಮುರಿದು ರಸ್ತೆಯ ಮೇಲೆ ಹಾಕುವುದು ತಲೆಮಾರುಗಳಿಂದ ಬಂದ ರೂಢಿ. ಹಗಲಿಗೆ ಅದು ನಡೆಯುತ್ತದೆ. ರಾತ್ರಿ, ಅದೂ ಮಂಜಿನಲ್ಲಿ, ಸುತ್ತಲೂ ಹಸಿರು ಕಾಡಿರುವಾಗ ಹಸಿರು ಸೊಪ್ಪು ಯಾರ ಕಣ್ಣಿಗೆ ಬೀಳಬೇಕು? ಟ್ರೇಲರಿನ ಹಿಂಬದಿಯ ಕೆಂಪು ರಿಫ್ಲೆಕ್ಟರುಗಳ ಮೇಲೆ ಗದ್ದೆಯ ಕೆಸರು ಒಣಗಿ ಕೂತಿರುತ್ತದೆ. ಒದ್ದೆ ಬಟ್ಟೆಯಲ್ಲಿ ಅದನ್ನು ಒರೆಸಲು ಅರ್ಧ ನಿಮಿಷ ಸಾಕು. ಬೆಳಕಿಗೆ ಹೊಳೆಯುವ ತ್ರಿಕೋನ ಫಲಕವೊಂದನ್ನು ಕೊಂಡು ಇಟ್ಟುಕೊಳ್ಳಬೇಕು. ಅದನ್ನು ಗಾಡಿಯ ಬುಡದಲ್ಲಿ ಇಟ್ಟರೆ ಪ್ರಯೋಜನವಿಲ್ಲ. ತಿರುವು ಇದ್ದರೆ ತಿರುವಿನ ಆಚೆಗೇ ಇಡಬೇಕು, ಬರುವವರಿಗೆ ಬ್ರೇಕ್ ಹಿಡಿಯಲು ಜಾಗ ಸಿಗುವಂತೆ.

ಕಳೆದ ಮಳೆಗಾಲದಲ್ಲಿ ಮಾಸ್ತಿಕಟ್ಟೆಯ ಆಚೆ ಒಬ್ಬ ಹಿರಿಯ ಚಾಲಕರು ಟ್ರ್ಯಾಕ್ಟರ್ ಟ್ರೇಲರಿನ ಚಕ್ರ ಬದಲಿಸುವುದನ್ನು ಪಕ್ಕದಲ್ಲೇ ನಿಂತು ನೋಡಿದೆ. ಅವರ ಜೊತೆಗಿದ್ದ ಹುಡುಗ ಇಳಿದವನೇ ಚರಂಡಿಯ ಬದಿಯಿಂದ ಒಂದು ಜಂಬಿಟ್ಟಿಗೆ (ಕೆಂಪು ಮುರಕಲ್ಲು) ಚೂರನ್ನು ಎತ್ತಿಕೊಂಡು ಬಂದ. ಅವರು ಬೇಡವೆಂದರು. "ನೆನೆದ ಜಂಬಿಟ್ಟಿಗೆ ಭಾರಕ್ಕೆ ಪುಡಿಯಾಗುತ್ತದೆ ಮಾರಾಯ, ಹೊಳೆಕಲ್ಲಾದರೆ ಉರುಳುತ್ತದೆ. ಹಿಂದೆ ಅಡೆ ಇದೆ, ಬಿಚ್ಚು" ಎಂದರು. ಟ್ರೇಲರಿನ ಹಿಂದೆ ಕೊಕ್ಕೆಯಿಂದ ಎರಡು ಮರದ ಅಡೆಗಳು ನೇತಾಡುತ್ತಿದ್ದವು. ಒಂದು ಬದಿ ಇಳಿಜಾರಾಗಿ ಕೆತ್ತಿದ ತುಂಡುಗಳು, ತುದಿಯಲ್ಲಿ ತೂತು, ತೂತಿಗೆ ನೈಲಾನ್ ಹಗ್ಗ, ಹಗ್ಗದ ಇನ್ನೊಂದು ತುದಿ ಟ್ರೇಲರಿನ ಚಾಸಿಗೆ ಗಂಟು. ಗಾಳಿ ಇದ್ದ ಬದಿಯ ಚಕ್ರಕ್ಕೆ ಮುಂದೊಂದು, ಹಿಂದೊಂದು ಕೊಟ್ಟು ಕಾಲಿನಿಂದ ಒದ್ದು ಬಿಗಿ ಮಾಡಿದರು. ಮರೆತು ಹೊರಟರೂ ಹಗ್ಗಕ್ಕೆ ಸಿಕ್ಕ ಅಡೆ ಸದ್ದು ಮಾಡುತ್ತಾ ಗಾಡಿಯ ಹಿಂದೆಯೇ ಬರುತ್ತದೆ, ರಸ್ತೆಯಲ್ಲಿ ಉಳಿಯುವುದಿಲ್ಲ. ಇದಕ್ಕಿಂತ ಒಳ್ಳೆಯ ಏರ್ಪಾಡನ್ನು ನಾನು ಕಂಡಿಲ್ಲ.

ಆಮೇಲೆ ಅವರು ಸ್ಟೆಪ್ನಿಯನ್ನು ಚಾಸಿಯ ಕೆಳಗೆ ಅಡ್ಡಲಾಗಿ ಮಲಗಿಸಿದರು. ಜಾಕ್ ಜಾರಿದರೆ ಗಾಡಿ ಟೈರಿನ ಮೇಲೆ ಕೂರಲಿ, ಮನುಷ್ಯನ ಮೇಲಲ್ಲ ಎಂದು. ಟ್ರೇಲರನ್ನು ಟ್ರ್ಯಾಕ್ಟರಿನಿಂದ ಕಳಚಲಿಲ್ಲ. ಇದನ್ನು ಹೊಸಬರು ಗಟ್ಟಿಯಾಗಿ ನೆನಪಿಡಬೇಕು. ಎರಡೇ ಚಕ್ರದ ಟ್ರೇಲರಿನ ಮುಂಭಾಗದ ಭಾರ ಎಳೆಯುವ ಗಾಡಿಯ ಹುಕ್ಕಿನ ಮೇಲಿರುತ್ತದೆ. ಪಿನ್ ತೆಗೆದರೆ ಹೊರೆ ಇರುವ ಕಡೆಗೆ ಅದು ಮಗುಚುತ್ತದೆ ಅಥವಾ ಇಳಿಜಾರಿನಲ್ಲಿ ಹೊರಟೇ ಹೋಗುತ್ತದೆ. ಎಳೆಯುವ ಗಾಡಿಯನ್ನು ಗೇರಿನಲ್ಲಿ ಹಾಕಿ, ಹ್ಯಾಂಡ್ ಬ್ರೇಕ್ ಎಳೆದು, ಜೋಡಿಸಿದಂತೆಯೇ ಕೆಲಸ ಮಾಡಬೇಕು. ಜಾಕಿನ ಕೆಳಗೆ ದಪ್ಪ ಹಲಗೆ ಬೇಕು, ಇಲ್ಲದಿದ್ದರೆ ನಮ್ಮ ಒದ್ದೆ ನೆಲದಲ್ಲಿ ಗಾಡಿ ಏಳುವ ಬದಲು ಜಾಕೇ ಇಳಿಯುತ್ತದೆ. ಟ್ರಾವೆಲ್ ಟ್ರೇಲರಿನವರು ಇನ್ನೊಂದು ವಿಷಯ ಗಮನಿಸಬೇಕು. ಅವುಗಳ ಆಕ್ಸಲ್ ಹಲವು ವೇಳೆ ಒಳಗೆ ಟೊಳ್ಳಾದ ಕೊಳವೆ. ಅದಕ್ಕೆ ಜಾಕ್ ಕೊಟ್ಟರೆ ಬಾಗುವ ಅಪಾಯವಿದೆ. ತಯಾರಕರು ತೋರಿಸಿದ ಜಾಗಕ್ಕೆ, ಸಾಮಾನ್ಯವಾಗಿ ಚಾಸಿಯ ಗಟ್ಟಿ ಭಾಗಕ್ಕೆ, ಜಾಕ್ ಕೊಡಬೇಕು. ಒಳಗೆ ಜನ ಇದ್ದರೆ ಇಳಿಸಬೇಕು.

ನಟ್ಟುಗಳನ್ನು ಚಕ್ರ ನೆಲದಲ್ಲಿರುವಾಗಲೇ ಸಡಿಲ ಮಾಡಿಕೊಳ್ಳಬೇಕು. ಎತ್ತಿದ ಮೇಲೆ ಕಾಲಿಟ್ಟು ಒದ್ದರೆ ಗಾಡಿಯೇ ಅಲುಗಾಡುತ್ತದೆ. ನಮ್ಮ ಮಳೆಗೆ ನಟ್ಟುಗಳು ತುಕ್ಕು ಹಿಡಿದು ಕಚ್ಚಿರುತ್ತವೆ, ಸ್ಪ್ಯಾನರಿಗೆ ಸಿಕ್ಕಿಸಲು ಉದ್ದದ ಪೈಪ್ ಇದ್ದರೆ ಕೆಲಸ ಸುಲಭ. ಜೀಪಿನ ಸ್ಪ್ಯಾನರು ಟ್ರೇಲರಿನ ನಟ್ಟಿಗೆ ಕೂರುತ್ತದೆಯೇ, ಕಾರಿನ ಜಾಕ್ ಟ್ರೇಲರನ್ನು ಎತ್ತುತ್ತದೆಯೇ, ಸ್ಟೆಪ್ನಿಯಲ್ಲಿ ಗಾಳಿ ಇದೆಯೇ ಎಂದು ಮನೆಯ ಅಂಗಳದಲ್ಲೇ ನೋಡಿಕೊಳ್ಳಬೇಕು. ಹುಲಿಕಲ್ಲಿನಿಂದ ಹೊಸಂಗಡಿಯ ಕಡೆಗೆ ಇಳಿಯುವಾಗ ಮೊಬೈಲಿನಲ್ಲಿ ಸಿಗ್ನಲ್ ಇರುತ್ತದೆಂದು ನಂಬಿಕೊಂಡು ಹೊರಡಬಾರದು. ಉಂಬಳ (ಜಿಗಣೆ) ಕಾಲಿಗೆ ಹತ್ತುತ್ತಿರುವಾಗ, ಮಳೆ ಸುರಿಯುತ್ತಿರುವಾಗ, ಸ್ಪ್ಯಾನರು ಸರಿಹೊಂದುತ್ತಿಲ್ಲ ಎಂದು ತಿಳಿಯುವುದು ಯಾರಿಗೂ ಬೇಡ.

ಟ್ರ್ಯಾಕ್ಟರ್ ಟ್ರೇಲರಿನಲ್ಲಿ ರಿಮ್ಮಿಗೆ ಲಾಕ್ ರಿಂಗ್, ಅಂದರೆ ಟೈರನ್ನು ರಿಮ್ಮಿನಲ್ಲಿ ಹಿಡಿದಿಡುವ ಕಳಚಬಹುದಾದ ಬಳೆ, ಇದ್ದರೆ ರಸ್ತೆಬದಿಯಲ್ಲಿ ಟೈರ್ ಬಿಚ್ಚುವ ಸಾಹಸ ಖಂಡಿತ ಬೇಡ. ಒಳಗೆ ಗಾಳಿ ಉಳಿದಿದ್ದರೆ ಆ ರಿಂಗು ಹಾರಿ ಬಡಿಯುತ್ತದೆ, ಅದರ ಏಟಿಗೆ ಜೀವ ಹೋಗುತ್ತದೆ. ಚಕ್ರ ಬದಲಿಸಿ, ಟೈರನ್ನು ಅಂಗಡಿಗೆ ಒಯ್ಯಿರಿ.

ಹೊಸ ಚಕ್ರದ ನಟ್ಟುಗಳನ್ನು ಒಂದರ ಪಕ್ಕ ಒಂದರಂತೆ ಬಿಗಿ ಮಾಡದೆ, ಎದುರುಬದುರಾಗಿ ಸ್ವಲ್ಪ ಸ್ವಲ್ಪವೇ ಬಿಗಿಯಬೇಕು. ಗಾಡಿ ಇಳಿಸಿದ ಮೇಲೆ ಪೂರ್ತಿ ಬಿಗಿ. ಓಡಿದ ಮೇಲೆ ಅವು ಸಡಿಲವಾಗುವುದುಂಟು. ಶಿವಮೊಗ್ಗದಲ್ಲಿ ಚಕ್ರ ಬದಲಿಸಿಕೊಂಡು ಹೊರಟರೆ ಮಂಡಗದ್ದೆಯಲ್ಲಿ ಒಮ್ಮೆ, ತೀರ್ಥಹಳ್ಳಿಯಲ್ಲಿ ಮತ್ತೊಮ್ಮೆ ಸ್ಪ್ಯಾನರು ಕೊಟ್ಟು ನೋಡಿ.

ಟೈರಿನ ವಯಸ್ಸನ್ನೂ ನೋಡಬೇಕು. ಟ್ರೇಲರುಗಳು ತಿಂಗಳುಗಟ್ಟಲೆ ಬಿಸಿಲು ಮಳೆಗೆ ಒಂದೇ ಕಡೆ ನಿಂತಿರುತ್ತವೆ. ಮೇಲಿನ ಹಲ್ಲು ಹೊಸದರಂತೆ ಕಾಣುತ್ತದೆ, ಪಕ್ಕೆಯ ರಬ್ಬರು ಮಾತ್ರ ಬಿರುಕು ಬಿಟ್ಟಿರುತ್ತದೆ. ಪಕ್ಕೆಯಲ್ಲಿ ನಾಲ್ಕು ಅಂಕಿ ಇರುತ್ತದೆ: 2319 ಎಂದಿದ್ದರೆ 2019ನೇ ಇಸವಿಯ 23ನೇ ವಾರದಲ್ಲಿ ತಯಾರಾದದ್ದು. ಬಿರುಕು ಬಿಟ್ಟ ಹಳೆಯ ಟೈರಿಗೆ ಹೊರೆ ಹೇರಿ ಘಾಟಿ ಇಳಿಸುವುದು ತಪ್ಪು, ಅದರಲ್ಲಿ ಉಳಿತಾಯವೇನೂ ಇಲ್ಲ.

ಅಡಿಕೆಯ ಕೊನೆಕೊಯ್ಲು ಶುರುವಾದರೆ ಟ್ರೇಲರುಗಳು ಹಗಲೂ ರಾತ್ರಿ ಓಡುತ್ತವೆ. ಅದಕ್ಕೂ ಮೊದಲು ಅಡೆ ಮಾಡಿಸಿಟ್ಟುಕೊಳ್ಳಿ. ಸಾ ಮಿಲ್ಲುಗಳಲ್ಲಿ ಗಟ್ಟಿ ಮರದ ತುಂಡು ಸಿಗುತ್ತದೆ. ಬಡಗಿಗೆ ಹೇಳಿದರೆ ಒಂದು ಬದಿ ಇಳಿಜಾರಾಗಿ ಕೊಯ್ದು ತೂತು ಹಾಕಿ ಕೊಡುತ್ತಾರೆ. ಹೋಂಸ್ಟೇ ನಡೆಸುವವರು ಎರಡು ಜೋಡಿ ಹೆಚ್ಚಿಗೆ ಮಾಡಿಸಿ, ಟ್ರೇಲರ್ ತರುವ ಅತಿಥಿಗಳಿಗೆ ಹೊರಡುವಾಗ ಹಗ್ಗ ಸಮೇತ ಕೊಟ್ಟು ಕಳುಹಿಸಿದರೆ ಇನ್ನೂ ಒಳ್ಳೆಯದು.