ಸತ್ಯಾಂಶ: ಬಣ್ಣದ ಲಿಂಕ್ ಮಾರ್ಕಿಗೆ ಬರದಿದ್ದರೆ ಟೈಮಿಂಗ್ ತಪ್ಪಿದೆಯೇ?

‘ಕ್ಯಾಮ್‌ಶಾಫ್ಟ್ ಕೂರಿಸಿ, ಚೈನ್ ಹಾಕಿ, ಎಂಜಿನ್ ಎರಡು ಸುತ್ತು ತಿರುಗಿಸಿ. ಚೈನಿನ ಬಣ್ಣದ ಲಿಂಕ್‌ಗಳು ಮತ್ತೆ ಮಾರ್ಕಿಗೆ ಬರದಿದ್ದರೆ ಟೈಮಿಂಗ್ ತಪ್ಪಿದೆ, ಎಲ್ಲ ಬಿಚ್ಚಿ.’ ಎಂಜಿನ್‌ನ ಟೈಮಿಂಗ್ (ಪಿಸ್ಟನ್ ಮತ್ತು ವಾಲ್ವ್‌ಗಳ ಚಲನೆಯ ಹೊಂದಾಣಿಕೆ) ಬಗ್ಗೆ ಹೀಗೊಂದು ಸಂದೇಶ ಫಾರ್ವರ್ಡ್ ಆಗುತ್ತಿದೆ. ಇದು ತಪ್ಪು.

ಬಣ್ಣದ ಲಿಂಕ್ ಇರುವುದು ಚೈನ್ ಕೂರಿಸುವ ಹೊತ್ತಿನ ಗುರುತಿಗೆ, ಅಷ್ಟೇ. ಕ್ರ್ಯಾಂಕ್ (ಪಿಸ್ಟನ್‌ಗಳು ತಿರುಗಿಸುವ ದಂಡ) ಎರಡು ಸುತ್ತು ತಿರುಗಿದರೆ ಕ್ಯಾಮ್‌ಶಾಫ್ಟ್, ಅಂದರೆ ವಾಲ್ವ್ ತೆರೆಯುವ ದಂಡ, ಒಂದು ಸುತ್ತು ತಿರುಗುತ್ತದೆ. ಆದರೆ ಚೈನ್ ಅಷ್ಟರಲ್ಲಿ ಪೂರ್ತಿ ಸುತ್ತು ಬಂದಿರುವುದಿಲ್ಲ. ಒಂದು ಲೆಕ್ಕ ನೋಡಿ: ಕ್ರ್ಯಾಂಕ್ ಸ್ಪ್ರಾಕೆಟ್‌ಗೆ (ಚೈನ್ ಕೂರುವ ಹಲ್ಲಿನ ಚಕ್ರ) 20 ಹಲ್ಲು, ಕ್ಯಾಮ್‌ಗೆ 40, ಚೈನಿನಲ್ಲಿ 110 ಲಿಂಕ್ ಅಂದುಕೊಳ್ಳಿ. ಎರಡು ಸುತ್ತಿಗೆ ಚೈನ್ ಸರಿಯುವುದು 40 ಲಿಂಕ್ ಮಾತ್ರ. ಬಣ್ಣದ ಲಿಂಕ್‌ಗಳೆಲ್ಲ ಮತ್ತೆ ಮಾರ್ಕಿಗೆ ಬರಲು ಕ್ರ್ಯಾಂಕ್ 22 ಸುತ್ತು ತಿರುಗಬೇಕು! ಸುಮ್ನೆ ಬಿಚ್ಚಿ ಹಾಕಿ ಸುಸ್ತಾಗುವುದು ಇಲ್ಲೇ ಅಲ್ವಾ?

ನೋಡಬೇಕಾದದ್ದು ಸ್ಪ್ರಾಕೆಟ್‌ಗಳ ಮೇಲಿನ ಮಾರ್ಕ್. ಎರಡು ಸುತ್ತಾದ ಮೇಲೆ ಅವು ಮೊದಲಿನ ಜಾಗಕ್ಕೇ ಬರಬೇಕು. ಒಂದು ಹಲ್ಲು ಆಚೀಚೆ ಆಗಿದ್ದರೂ ಸರಿಪಡಿಸಿ.

ತಿರುಗಿಸುವ ಮೊದಲು, ಚೈನ್ ಬಿಗಿಯಾಗಿಡುವ ಟೆನ್ಷನರ್‌ನ ಪಿನ್ ತೆಗೆದಿರಲಿ. ಸ್ಟಾರ್ಟರ್ ಬೇಡ, ಕ್ರ್ಯಾಂಕ್ ಬೋಲ್ಟಿಗೆ ಸ್ಪ್ಯಾನರ್ ಹಾಕಿ ಎಂಜಿನ್ ತಿರುಗುವ ದಿಕ್ಕಿಗೇ ನಿಧಾನವಾಗಿ ತಿರುಗಿಸಿ. ಗಟ್ಟಿಯಾಗಿ ತಡೆದರೆ ಬಲ ಹಾಕಬೇಡಿ. ವಾಲ್ವ್ ಪಿಸ್ಟನ್‌ಗೆ ತಾಗುತ್ತಿರಬಹುದು.